ಹಳದಿಯಾಗದ ಹಾಳೆ

"ಅಕ್ಕಾ, ಸ್ಟೂಲು ಅಲ್ಲಾಡ್ತಿದೆ. ಇಳೀರಿ, ನಾನೇ ಹತ್ತಿ ನೋಡ್ತೀನಿ."

"ನೀನು ಹತ್ತಿದ್ರೆ ಸ್ಟೂಲೇ ಉಳಿಯಲ್ಲ. ಸುಮ್ನೆ ಹಿಡ್ಕೋ."

ಇನ್‌ಸ್ಪೆಕ್ಟರ್ ಬಾಯಿ ಮುಚ್ಚಿಕೊಂಡು ಸ್ಟೂಲು ಹಿಡಿದುಕೊಂಡ. ನಾನು ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ಇವನು ಹೊಸದಾಗಿ ಕೆಲಸಕ್ಕೆ ಸೇರಿದ್ದ. ಲಾಠಿ ಯಾವ ಕೈಯಲ್ಲಿ ಹಿಡಿಯಬೇಕು ಅಂತ ನನ್ನನ್ನೇ ಕೇಳಿದ್ದ. ಈಗ ಅವನ ಹೆಗಲ ಮೇಲೆ ನಕ್ಷತ್ರಗಳಿವೆ, ನನ್ನ ಮಂಡಿಯಲ್ಲಿ ನೋವಿದೆ. ನಿವೃತ್ತಳಾದ ಮೇಲೂ ಪತ್ತೇದಾರಿಕೆಯ ಚಟ ಬಿಡದ ಹೆಂಗಸಿಗೆ ಅವನು ಇಷ್ಟಾದರೂ ಮರ್ಯಾದೆ ಕೊಡುತ್ತಾನಲ್ಲ, ಅದೇ ದೊಡ್ಡದು.

ನಾವಿದ್ದದ್ದು ಸಂಜೆ ಪತ್ರಿಕೆಯೊಂದರ ಕಚೇರಿಯ ಮೇಲಿನ ಮಹಡಿಯಲ್ಲಿ, ಸತ್ತ ಯಜಮಾನರ ಕೋಣೆಯಲ್ಲಿ. ಹೋದ ವಾರ ಅದೇ ಮೇಜಿನ ಮೇಲೆ, ಅವತ್ತಿನ ಪತ್ರಿಕೆಯ ಮೊದಲ ಪ್ರತಿಗೆ ಕೆನ್ನೆಯಾನಿಸಿ ಅವರು ಸತ್ತಿದ್ದರು. ಕೆಮ್ಮಿನ ಔಷಧಿ ಕುಡಿದ ಗ್ಲಾಸಿನಲ್ಲಿ ಮುದ್ರಣದ ಪ್ಲೇಟು ತೊಳೆಯುವ ದ್ರಾವಣ ಸಿಕ್ಕಿತ್ತು. ಶೆಲ್ಫಿನಲ್ಲಿದ್ದ ಔಷಧಿ ಬಾಟಲಿ ಮಾತ್ರ ಶುದ್ಧವಾಗಿತ್ತು. ದಿನವೂ ಮೊದಲ ಪ್ರತಿ ಒಯ್ದುಕೊಟ್ಟು, ಔಷಧಿಯನ್ನು ಗ್ಲಾಸಿಗೆ ಬಗ್ಗಿಸಿಟ್ಟು ಬರುತ್ತಿದ್ದವನು ಮಷಿನ್‌ಮ್ಯಾನ್. ಪ್ಲೇಟು ತೊಳೆಯುವವನೂ ಅವನೇ.

ಪೊಲೀಸರಿಗೆ ಇನ್ನೇನು ಬೇಕು? ಅವತ್ತೇ ಹಿಡಿದು, ಕೋರ್ಟಿನಿಂದ ಒಂದು ವಾರದ ಕಸ್ಟಡಿ ಪಡೆದು ಒಳಗೆ ಹಾಕಿದ್ದರು. ನಾಳೆ ಕೊಲೆ ಆರೋಪ ಹೊರಿಸಿ ಮತ್ತೆ ಕೋರ್ಟಿಗೆ ಹಾಜರುಪಡಿಸುವವರಿದ್ದರು. ಅವನು ಮಾಡಿದೆ ಅಂತಲೂ ಹೇಳಿರಲಿಲ್ಲ, ಮಾಡಿಲ್ಲ ಅಂತಲೂ ಹೇಳಿರಲಿಲ್ಲ. ಅವನ ಅಕ್ಕ ನನ್ನ ಮನೆ ಬಾಗಿಲಿಗೆ ಬಂದು ಕೈ ಮುಗಿದು ನಿಂತಿದ್ದರಿಂದ ನಾನು ಈ ಸ್ಟೂಲು ಹತ್ತಿದ್ದೆ.

"ಈ ಶೆಲ್ಫಲ್ಲಿ ಏನಾದ್ರೂ ವಿಚಿತ್ರ ಕಾಣ್ತಿದೆಯಾ ನಿನಗೆ?" ಅಂದೆ.

ಇನ್‌ಸ್ಪೆಕ್ಟರ್ ಕತ್ತೆತ್ತಿ ನೋಡಿದ. ಕಿಟಕಿಗೆ ಎದುರಾಗಿ ಗೋಡೆಯುದ್ದಕ್ಕೂ ಬಾಗಿಲಿಲ್ಲದ ಮರದ ಶೆಲ್ಫು. ಪ್ರತಿ ಹಲಗೆಗೂ ಅವರದೇ ಪತ್ರಿಕೆ ಹಾಸಿ, ಮುಂದಿನ ಅಂಚನ್ನು ಕೆಳಗೆ ಇಳಿಬಿಟ್ಟಿದ್ದರು. ಪತ್ರಿಕೆಯ ಹೆಸರು, ತಾರೀಖು ಎದುರಿಗೇ ಕಾಣುವ ಹಾಗೆ. ಎಲ್ಲಾ ಹಲಗೆಯ ಮೇಲೂ ಒಂದೇ ತಾರೀಖು. ಹನ್ನೆರಡು ವರ್ಷದ ಹಿಂದೆ ಹೊಸ ಯಂತ್ರ ಬಂದ ದಿನ ಮೊದಲು ಹೊರಬಿದ್ದ ಪ್ರತಿಗಳವು. ಯಜಮಾನರು ಅವನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲವಂತೆ. ಧೂಳು ಹೊಡೆಯಲು ಬಂದವರ ಮೇಲೂ ರೇಗುತ್ತಿದ್ದರಂತೆ.

"ಹಳೇ ಪೇಪರು. ಎಲ್ಲದರ ತಾರೀಖೂ ಒಂದೇ. ಅದನ್ನ ಅವತ್ತೇ ನೋಡಿದ್ವಿ."

"ತಾರೀಖು ನೋಡಬೇಡ, ಬಣ್ಣ ನೋಡು. ಎರಡನೇ ಹಲಗೆ."

ಅವನು ಕಣ್ಣು ಕಿರಿದು ಮಾಡಿದ. ಉಳಿದ ಹಲಗೆಗಳ ಹಾಳೆಗಳು ಒಣಗಿದ ಎಲೆಯ ಬಣ್ಣಕ್ಕೆ ತಿರುಗಿದ್ದವು. ಬೆರಳಿಂದ ಒತ್ತಿದರೆ ಮುರಿಯುವ ಹಾಗಿದ್ದವು. ಎರಡನೇ ಹಲಗೆಯದು ಮಾತ್ರ ನಡುವೆ ಬಿಳಿಚಿಕೊಂಡಿತ್ತು. ಅಂಚಿನಲ್ಲಷ್ಟೇ, ಒಂದು ಬೆರಳಗಲ, ಕಂದು.

"ಅಲ್ಲಿ ಬಿಸಿಲು ಕಮ್ಮಿ ಬೀಳತ್ತೇನೋ."

"ಮೇಲಿನದಕ್ಕೂ ಬೀಳತ್ತೆ, ಕೆಳಗಿನದಕ್ಕೂ ಬೀಳತ್ತೆ, ನಡುವಿನದನ್ನ ಮಾತ್ರ ಹಾರಿಸಿಕೊಂಡು ಹೋಗತ್ತಾ ಬಿಸಿಲು? ಮೂರನೇ ಹಲಗೆಯ ಗಡಿಯಾರ ಎತ್ತು."

ಎತ್ತಿದ. ಗಡಿಯಾರದಡಿ ಹಾಳೆಯ ಮೇಲೆ ಒಂದು ದುಂಡನೆಯ ಬಿಳುಪು. ಹನ್ನೆರಡು ವರ್ಷ ಬೆಳಕು ಕಾಣದ ಜಾಗ ಅದು. ಪಕ್ಕದ ಕನ್ನಡಕದ ಡಬ್ಬಿ ಎತ್ತಿಸಿದೆ. ಅದರಡಿಯೂ ಡಬ್ಬಿಯ ಆಕಾರದ ಬಿಳುಪು.

"ಈಗ ಎರಡನೇ ಹಲಗೆಯ ಔಷಧಿ ಪೆಟ್ಟಿಗೆ ಎತ್ತು."

ಪೆಟ್ಟಿಗೆಯಡಿ ಏನೂ ಇರಲಿಲ್ಲ. ಹಾಳೆ ಅಲ್ಲೂ ಅದೇ ಬಣ್ಣ, ಸುತ್ತಲೂ ಅದೇ ಬಣ್ಣ.

ಇನ್‌ಸ್ಪೆಕ್ಟರ್ ಪೆಟ್ಟಿಗೆ ಹಿಡಿದುಕೊಂಡೇ ಗಡಿಯಾರದಡಿಯ ಬಿಳುಪನ್ನು ಇನ್ನೊಮ್ಮೆ ನೋಡಿದ. ದಡ್ಡನಲ್ಲ ಅವನು, ಆತುರಗಾರ ಅಷ್ಟೇ.

"ಹೊಸದಾಗಿ ಹಾಸಿದ್ದಾರೆ ಅಂತೀರಾ?"

"ಹೌದು. ಆದ್ರೆ ಹಾಸಿದ್ದು ಹೊಸ ಹಾಳೆಯಲ್ಲ. ಹನ್ನೆರಡು ವರ್ಷದ ಹಿಂದಿನದೇ, ಆದ್ರೆ ಕತ್ತಲೆಯಲ್ಲಿ ಕಟ್ಟಿಟ್ಟಿದ್ದು."

ಕೆಲಸದಲ್ಲಿದ್ದಾಗ ವಶಪಡಿಸಿಕೊಂಡ ಸಾಮಾನುಗಳ ಕೋಣೆಯನ್ನು ನೋಡಿಕೊಳ್ಳುವ ಶಿಕ್ಷೆ ನನಗೆ ಬಹಳ ಕಾಲ ಸಿಕ್ಕಿತ್ತು. ಮೇಲಧಿಕಾರಿಗೆ ಎದುರು ಮಾತಾಡಿದ್ದಕ್ಕೆ ಸಿಕ್ಕ ಬಹುಮಾನ ಅದು. ಅಲ್ಲಿ ಕಾಗದಗಳು ಮುದಿಯಾಗುವುದನ್ನು ನೋಡುವುದು ಬಿಟ್ಟರೆ ಬೇರೆ ಮನರಂಜನೆ ಇರಲಿಲ್ಲ. ಪತ್ರಿಕೆಯ ಕಾಗದ ಅಗ್ಗದ್ದು. ಮರವನ್ನು ಹಾಗೇ ಅರೆದು ಮಾಡುತ್ತಾರೆ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಅಂಟಿನಂಥ ಅಂಶವೂ ಅದರೊಳಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಕಿದರೆ ಅದು ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ, ಹೆಚ್ಚಿಟ್ಟ ಸೇಬಿನ ಹೋಳಿನ ಹಾಗೆ. ಒಳ್ಳೆಯ ಕಾಗದದಲ್ಲಿ ಆ ಅಂಶವನ್ನು ತೆಗೆದಿರುತ್ತಾರೆ, ಅದಕ್ಕೇ ಅದು ಬೇಗ ಬಣ್ಣಗೆಡುವುದಿಲ್ಲ. ಪತ್ರಿಕೆಯನ್ನೇ ಬಿಗಿಯಾಗಿ ಕಟ್ಟಿ ಕತ್ತಲಲ್ಲಿಟ್ಟರೂ ಒಳಗಿನ ಹಾಳೆ ಅಷ್ಟಾಗಿ ಕೆಡುವುದಿಲ್ಲ. ಗಾಳಿಯಾಡುವ ಅಂಚು ಮಾತ್ರ ಕಂದಾಗುತ್ತದೆ.

ಇಷ್ಟನ್ನೂ ಇನ್‌ಸ್ಪೆಕ್ಟರಿಗೆ ಹೇಳಿ ಸ್ಟೂಲು ಇಳಿದೆ.

"ಸರಿ, ಯಾರೋ ಹಾಳೆ ಬದಲಾಯಿಸಿದ್ರು. ಅದಕ್ಕೂ ಕೊಲೆಗೂ ಏನು ಸಂಬಂಧ?"

"ಎರಡನೇ ಹಲಗೆ ಮೇಲೆ ಇದ್ದಿದ್ದೇನು? ಔಷಧಿ ಬಾಟಲಿ. ಅದರ ಕೆಳಗಿನ ಹಾಳೆ ಯಾಕೆ ಬದಲಾಯಿಸ್ತಾರೆ? ಬಾಟಲಿಯಿಂದ ಏನೋ ಚೆಲ್ಲಿದೆ. ಚೆಲ್ಲಿದ್ದು ಬರೀ ಔಷಧಿಯಾಗಿದ್ರೆ ಯಾರು ಇಷ್ಟು ಕಷ್ಟಪಡ್ತಿದ್ರು? ಅಂದ್ರೆ ವಿಷ ಇದ್ದಿದ್ದು ಬಾಟಲಿಯಲ್ಲೇ. ನಿಮಗೆ ಸಿಕ್ಕ ಶುದ್ಧವಾದ ಬಾಟಲಿ ಆಮೇಲೆ ತಂದಿಟ್ಟದ್ದು. ನಿನ್ನ ಮಷಿನ್‌ಮ್ಯಾನು ಪಾಪ, ದಿನಾ ಅದೇ ವಾಸನೆಯಲ್ಲಿ ಇರೋನು, ಗೊತ್ತಾಗದೆ ಅದರಲ್ಲಿದ್ದದ್ದನ್ನ ಗ್ಲಾಸಿಗೆ ಬಗ್ಗಿಸಿ ಹೋದ. ಅಷ್ಟೇ."

"ಅವನೇ ಬಾಟಲಿಗೆ ಬೆರೆಸಿ, ಅವನೇ ಹಾಳೆ ಬದಲಾಯಿಸಿರಬಹುದಲ್ಲ?"

"ಅದೇ ತಾರೀಖಿನ ಹಾಳೆ ಅವನಿಗೆಲ್ಲಿಂದ ಬರಬೇಕು? ಹಳೇ ಸಂಚಿಕೆಗಳೆಲ್ಲಾ ಮೊಗಸಾಲೆ ಕೊನೆಯ ಕೋಣೆಯಲ್ಲಿವೆ, ಬೀಗ ಹಾಕಿರತ್ತೆ. ಕೀಲಿ ಎರಡೇ. ಒಂದು ಸತ್ತವರ ಸೊಂಟದಲ್ಲೇ ಇತ್ತು, ನೀನೇ ಬಿಚ್ಚಿಕೊಂಡಿದ್ದೀಯ. ಇನ್ನೊಂದು ಅವರ ತಮ್ಮನ ಡ್ರಾಯರಿನಲ್ಲಿ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಕ್ಕಾ, ಹಾಳೆ ಬೆಳ್ಳಗಿದೆ ಅಂತ ಕೋರ್ಟಲ್ಲಿ ಹೇಳಿದ್ರೆ ನನ್ನನ್ನ ನೋಡಿ ನಗ್ತಾರೆ."

"ನಗಲಿ. ಸಂಜೆವರೆಗೆ ಟೈಮ್ ಕೊಡು. ಅವನನ್ನ ಒಂದು ಸಲ ನೋಡೋಕೆ ಬಿಡು."

"ಐದು ನಿಮಿಷ. ನಾನು ಬಿಟ್ಟೆ ಅಂತ ಯಾರಿಗೂ ಹೇಳಬೇಡಿ."

ಒಪ್ಪಿದ್ದಕ್ಕೆ ಅವನನ್ನು ಮನಸ್ಸಿನಲ್ಲೇ ಹರಸಿದೆ.

ಲಾಕಪ್ಪಿನಲ್ಲಿ ಬೆಳಕು ಅಷ್ಟಕ್ಕಷ್ಟೇ. ಮಷಿನ್‌ಮ್ಯಾನ್ ಗೋಡೆಗೊರಗಿ ಕೂತಿದ್ದ. ನಡುವಯಸ್ಸಿಗೆ ಹತ್ತಿರವಾದ ಗಂಡಸು, ಆದರೆ ಒಂದು ವಾರದಲ್ಲಿ ಮುದುಕನಂತಾಗಿದ್ದ. ಉಗುರಿನ ಸಂದಿಯ ಶಾಯಿ ಇನ್ನೂ ಹೋಗಿರಲಿಲ್ಲ. ಆ ಶಾಯಿ ನೋಡಿ ನನಗೆ ಸಂಕಟವಾಯಿತು.

ಕಂಬಿಯ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಎರಡನೇ ಹಲಗೆ, ಬಿಳಿ ಹಾಳೆ, ಹಳೇ ಸಂಚಿಕೆಗಳ ಕೋಣೆ, ಕೀಲಿ. ಖುಷಿ ತಡೆಯಲಾಗದೆ ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ.

"ಆ ಕೋಣೆಗೆ ಯಾರು ಹೋಗಿದ್ರೋ ಅವರೇ ಕೊಲೆಗಾರರು. ಇನ್ನೇನು ನೀನು ಹೊರಗೆ ಬಂದ ಹಾಗೇ ಅಂದ್ಕೋ."

ಅವನ ಮುಖದಲ್ಲಿ ಗೆಲುವು ಬರುತ್ತದೆ ಅಂದುಕೊಂಡಿದ್ದೆ. ಇದ್ದ ಬಣ್ಣವೂ ಹೋಯಿತು.

"ಈ ವಿಷಯ ಅಕ್ಕಂಗೆ ಹೇಳಿದ್ರಾ?" ವಾರದಲ್ಲಿ ಅವನು ಆಡಿದ ಮೊದಲ ಮಾತು ಅದು.

"ಇನ್ನೂ ಇಲ್ಲ."

"ಹೇಳ್ಬೇಡಿ. ನಿಮ್ಮ ದಮ್ಮಯ್ಯ, ಏನೂ ಹೇಳ್ಬೇಡಿ."

ಆಮೇಲೆ ಗೋಡೆ ಕಡೆ ಮುಖ ತಿರುಗಿಸಿಕೊಂಡ. ಆಸೆ ಹುಟ್ಟಿಸಿ ಆಮೇಲೆ ಅದು ಸುಳ್ಳಾದರೆ ಅಕ್ಕ ತಡೆದುಕೊಳ್ಳಲಾರಳು ಅಂತ ಹೆದರಿದ್ದಾನೆ ಅಂದುಕೊಂಡೆ. ಒಳ್ಳೆ ತಮ್ಮ ಅಂದುಕೊಂಡು ಎದ್ದು ಬಂದೆ.

ಮತ್ತೆ ಪತ್ರಿಕೆ ಕಚೇರಿಗೆ ಹೋಗುವ ಹೊತ್ತಿಗೆ ಮೋಡ ಕವಿದಿತ್ತು. ಕೆಳಗಿನ ಯಂತ್ರದ ಕೋಣೆ ಸದ್ದಿಲ್ಲದೆ ಬಿದ್ದಿತ್ತು. ಯಜಮಾನರು ಸತ್ತ ದಿನದಿಂದ ಪತ್ರಿಕೆ ಹೊರಬಂದಿರಲಿಲ್ಲ. ಅಷ್ಟು ದೊಡ್ಡ ಯಂತ್ರ ಸುಮ್ಮನೆ ನಿಂತಿರುವುದನ್ನು ನೋಡಿದರೆ ಸಾವಿನ ಮನೆಯಲ್ಲಿ ಮೂಲೆ ಹಿಡಿದು ಕೂತ ಹಿರಿಯರ ನೆನಪಾಗುತ್ತಿತ್ತು.

ಚಿಕ್ಕ ಯಜಮಾನರು ತಮ್ಮ ಕೋಣೆಯಲ್ಲಿದ್ದರು. ಸತ್ತವರ ಸ್ವಂತ ತಮ್ಮ, ಕಚೇರಿಯ ಮ್ಯಾನೇಜರ್. ಪತ್ರಿಕೆ ಮುಚ್ಚಿಬಿಡೋಣ ಅಂತ ಇವರು, ಜೀವ ಇರುವವರೆಗೆ ಮುಚ್ಚಲ್ಲ ಅಂತ ಅಣ್ಣ. ಇಬ್ಬರೂ ಕೂಗಾಡಿದ್ದನ್ನು ಕೇಳದ ಕಿವಿ ಆ ಕಟ್ಟಡದಲ್ಲಿರಲಿಲ್ಲ.

"ಬನ್ನಿ ಮೇಡಂ. ಕೂತ್ಕೊಳ್ಳಿ. ಏನು, ಮತ್ತೆ ನಮ್ಮ ಅಣ್ಣನ ಶೆಲ್ಫಿಗೆ ಏಣಿ ಹಾಕಿದ್ರಂತೆ?"

"ಏಣಿಯಲ್ಲ, ಸ್ಟೂಲು. ನಿಮ್ಮ ಮೇಜಿನ ಮೇಲಿನ ಪೆನ್ನಿನ ಡಬ್ಬಿ ಸ್ವಲ್ಪ ಎತ್ತುತ್ತೀರಾ?"

ಅವರು ನನ್ನನ್ನೇ ನೋಡುತ್ತಾ ಎತ್ತಿದರು. ಕಿಟಕಿ ಪಕ್ಕದ ಮೇಜಿಗೆ ಪತ್ರಿಕೆ ಹಾಸಿದ್ದರು. ಡಬ್ಬಿಯ ಅಡಿ ಚೌಕಾಕಾರದ ಬಿಳುಪು, ಸುತ್ತ ಹಳದಿ.

"ಈ ಪೇಪರು ಯಾವಾಗಿನದು?"

"ಹೋದ ತಿಂಗಳದ್ದು."

"ಒಂದು ತಿಂಗಳಿಗೇ ಹೀಗೆ. ಹನ್ನೆರಡು ವರ್ಷಕ್ಕೆ ಹೇಗಾಗಬೇಕು ನೀವೇ ಹೇಳಿ."

ಫೋನಿನಲ್ಲಿ ತೆಗೆದುಕೊಂಡಿದ್ದ ಶೆಲ್ಫಿನ ಫೋಟೋ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎಲ್ಲಿ ನೋಡಬೇಕು ಅಂತ ನಾನು ಹೇಳುವ ಮೊದಲೇ ಅವರ ಕಣ್ಣು ಎರಡನೇ ಹಲಗೆಯ ಮೇಲೆ ನಿಂತಿತ್ತು.

"ಹಾಳೆ ಬದಲಾಯಿಸಿದವರು ಪತ್ರಿಕೆಯವರೇ," ಅಂದೆ. "ಹೊರಗಿನವರಾಗಿದ್ರೆ ಕೈಗೆ ಸಿಕ್ಕ ಪೇಪರ್ ಹಾಸಿ ಓಡಿಹೋಗ್ತಿದ್ರು. ಇವರು ಕೂತು ಯೋಚನೆ ಮಾಡಿದ್ದಾರೆ. ತಾರೀಖು ಸರಿಯಾಗಿರಬೇಕು ಅಂತ ಹಳೇ ಕಟ್ಟು ಹುಡುಕಿ ತಂದಿದ್ದಾರೆ. ನಿಮ್ಮಂಥವರಿಗೆ ತಾರೀಖೇ ದೇವರು ನೋಡಿ. ನಿನ್ನೆಯ ಪೇಪರ್ ಇವತ್ತಿಗೆ ಹಳೇದು, ಹನ್ನೆರಡು ವರ್ಷದ್ದು ಇನ್ನೂ ಹಳೇದು. ಕಾಗದಕ್ಕೆ ಆ ಲೆಕ್ಕ ಗೊತ್ತಿಲ್ಲ. ಕತ್ತಲಲ್ಲಿದ್ರೆ ಅದಕ್ಕೆ ವಯಸ್ಸೇ ಆಗಲ್ಲ."

"ಚೆನ್ನಾಗಿ ಹೇಳಿದ್ರಿ. ನಮ್ಮ ಅಣ್ಣ ಇದ್ದಿದ್ರೆ ನಿಮ್ಮ ಕೈಲಿ ಅಂಕಣ ಬರೆಸ್ತಿದ್ದ."

"ಹಳೇ ಸಂಚಿಕೆ ಕೋಣೆಯ ಕೀಲಿ ನಿಮ್ಮ ಡ್ರಾಯರಿನಲ್ಲಿತ್ತು."

"ಇರಬೇಕಿತ್ತು. ಇರಲಿಲ್ಲ."

"ಹಾಗಂದ್ರೆ?"

ಅವರು ಪೆನ್ನಿನ ಡಬ್ಬಿಯನ್ನು ಮೊದಲಿದ್ದ ಚೌಕದ ಮೇಲೆಯೇ ಸರಿಯಾಗಿ ಇಟ್ಟರು. ಬೆವರಿಲ್ಲ, ನಡುಕವಿಲ್ಲ. ಅಷ್ಟು ವರ್ಷ ಸ್ಟೇಷನ್ನಿನಲ್ಲಿ ಕಂಡ ಮುಖಗಳಲ್ಲಿ ಇಂಥ ನೆಮ್ಮದಿಯ ಮುಖವನ್ನು ನಾನು ಯಾವತ್ತೂ ನಂಬಿದವಳಲ್ಲ.

"ಹಳೇ ಸಂಚಿಕೆಗಳಿಗೆ ರಟ್ಟು ಕಟ್ಟಿಸ್ತಿದ್ವಿ ಮೇಡಂ. ತಿಂಗಳಿಗೊಂದು ಸಂಪುಟ ಮಾಡಿ ಹೊಲಿದಿಡೋದು. ಬೈಂಡಿಂಗ್ ಮಾಡೋ ಹೆಂಗಸು ಮಧ್ಯಾಹ್ನದ ಮೇಲೆ ಬಂದು ಸಂಜೆ ತನಕ ಆ ಕೋಣೆಯಲ್ಲೇ ಕೂತಿರ್ತಿದ್ರು. ಕೀಲಿ ಅವರ ಹತ್ರ ಇತ್ತು. ಅಣ್ಣ ಹೋದ ಮಾರನೇ ದಿನ ಬೆಳಿಗ್ಗೆ ತಂದು ಕೊಟ್ಟು ಹೋದ್ರು, ಕೆಲಸ ಮುಗೀತು ಅಂತ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಪೊಲೀಸರು ಕೀಲಿ ಬಗ್ಗೆ ಕೇಳಲಿಲ್ಲ."

"ಯಾರು ಆ ಹೆಂಗಸು?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಿಜಕ್ಕೂ ಆಶ್ಚರ್ಯವಾಗಿತ್ತೋ, ನಾಟಕವೋ, ಹೇಳಲಾರೆ.

"ತಮಾಷೆ ಮಾಡ್ತಿದ್ದೀರಾ? ನಿಮ್ಮನ್ನ ಈ ಕೆಲಸಕ್ಕೆ ಹಚ್ಚಿದವರೇ ಮೇಡಂ. ನಮ್ಮ ಮಷಿನ್‌ಮ್ಯಾನ್ ಅಕ್ಕ."

ಮೆಟ್ಟಿಲಿಳಿದು ಬೀದಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಹೊರಡ್ತೀನಿ ಅಂತ ಅವರಿಗೆ ಒಂದು ಮಾತು ಹೇಳಿ ಬರುವ ಸೌಜನ್ಯವೂ ನನಗೆ ಉಳಿದಿರಲಿಲ್ಲ. ಬೈಂಡಿಂಗ್ ಮಾಡುತ್ತೇನೆ, ಶಾಲೆಯ ಪುಸ್ತಕಗಳಿಗೆ ರಟ್ಟು ಕಟ್ಟಿ ಜೀವನ ಮಾಡುತ್ತೇನೆ ಅಂತ ಆಕೆ ಮೊದಲ ದಿನವೇ ಹೇಳಿದ್ದಳು. ಇದೇ ಪತ್ರಿಕೆಗೂ ಮಾಡುತ್ತಿದ್ದೆ ಅಂತ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಳುತ್ತಾ ಬಂದವರನ್ನು ಅನುಮಾನದಿಂದ ನೋಡುವುದು ನನಗೆ ಯಾವತ್ತೂ ಬರಲಿಲ್ಲ, ಅದಕ್ಕೇ ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತಳಾದೆ.

ಅವಳ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಒಂದೇ ಕೋಣೆ. ಅರ್ಧದಲ್ಲಿ ಒಲೆ ಮತ್ತು ಹಾಸಿಗೆ, ಇನ್ನರ್ಧದಲ್ಲಿ ರಟ್ಟುಗಳು, ಅಂಟಿನ ಪಾತ್ರೆ, ದಾರದ ಉಂಡೆ. ತಮ್ಮನ ಎರಡು ಅಂಗಿಗಳನ್ನು ಒಗೆದು ಮಡಿಸಿ ಮೂಲೆಯಲ್ಲಿಟ್ಟಿದ್ದಳು. ಅವನು ಬಂದರೆ ಹಾಕಿಕೊಳ್ಳಲಿ ಅಂತ ಇರಬೇಕು. ಅವರ ತಾಯಿ ಸತ್ತಾಗ ಇವನು ತೊದಲು ನುಡಿಯ ಮಗು, ಇವಳು ಲಂಗ ತೊಟ್ಟ ಹುಡುಗಿ. ಅವತ್ತಿನಿಂದ ಇವಳೇ ಅವನಿಗೆ ಎಲ್ಲ.

"ಬನ್ನಿ ಮೇಡಂ," ಅಂದಳು. ನನ್ನ ಮುಖ ನೋಡಿ ಸೂಜಿ ಕೆಳಗಿಟ್ಟಳು. "ಏನಾಯ್ತು?"

"ಯಜಮಾನರ ಶೆಲ್ಫಿನ ಹಾಳೆ ಬದಲಾಯಿಸಿದ್ದು ನೀನೇನಾ?"

ಅವಳು ಸುಳ್ಳು ಹೇಳಲಿ ಅಂತ ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು.

"ಹೂಂ," ಅಂದಳು.

ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಮಂಡಿ ಹಿಡಿದುಕೊಂಡಿತು, ಲೆಕ್ಕಿಸಲಿಲ್ಲ.

"ಹೇಳು."

"ಅವತ್ತು ಸಂಜೆ ಕೆಲಸ ಮುಗಿಸಿ, ಹೊರಡ್ತೀನಿ ಅಂತ ಯಜಮಾನರಿಗೆ ಹೇಳೋಕೆ ಹೋದೆ. ಅವರು ಮೇಜಿನ ಮೇಲೆ ಬಿದ್ದಿದ್ರು. ಮುಟ್ಟಿದೆ. ಉಸಿರಿರಲಿಲ್ಲ. ಶೆಲ್ಫಲ್ಲಿ ಬಾಟಲಿ ಅಡ್ಡ ಬಿದ್ದು ಔಷಧಿ ಸೋರ್ತಿತ್ತು. ಅದರ ವಾಸನೆ..." ಅವಳು ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು. "ಅದು ನನಗೆ ಗೊತ್ತಿರೋ ವಾಸನೆ ಮೇಡಂ. ದಿನಾ ಅವನ ಅಂಗಿ ಒಗೀತೀನಲ್ಲ. ಪ್ಲೇಟು ತೊಳೆಯೋ ನೀರಿನ ವಾಸನೆ."

"ನಿನ್ನ ತಮ್ಮನೇ ಮಾಡಿದ್ದು ಅಂದ್ಕೊಂಡೆ."

"ಆ ವಾರ ಪುಟ ತಲೆಕೆಳಗಾಗಿ ಅಚ್ಚಾಗಿತ್ತು ಅಂತ ಯಜಮಾನರು ಎಲ್ಲರ ಎದುರಿಗೆ ಅವನ ಕೆನ್ನೆಗೆ ಹೊಡೆದಿದ್ರು. ಇಷ್ಟು ದೊಡ್ಡ ಗಂಡಸಿಗೆ! ಮನೆಗೆ ಬಂದು ಅನ್ನ ಮುಟ್ಟಲಿಲ್ಲ ಅವನು. ನಾನು ತಡೀಲಾರದೆ, ಅವರ ಕೈ ಸೇದಿಹೋಗ, ಅವರಿಗೆ ಒಳ್ಳೆ ಸಾವು ಬರದೇ ಇರಲಿ ಅಂತ ಬಾಯಿಗೆ ಬಂದ ಹಾಗೆ ಶಪಿಸಿದ್ದೆ. ನಾನೇ ಅವನ ತಲೆಗೆ ಹುಳ ಬಿಟ್ಟೆ ಅನ್ನಿಸ್ತು. ಬಾಟಲಿ, ಹಾಳೆ ಎರಡನ್ನೂ ಚೀಲಕ್ಕೆ ತುರುಕಿಕೊಂಡೆ. ಔಷಧಿ ಪೆಟ್ಟಿಗೆ ಒರೆಸಿ ಅಲ್ಲೇ ಇಟ್ಟೆ. ಅದೇ ತಾರೀಖಿನ ಪೇಪರ್ ಎಲ್ಲಿದೆ ಅಂತ ಗೊತ್ತಿತ್ತು, ತಂದು ಹಾಸಿದೆ. ಗ್ಲಾಸು ಮಾತ್ರ ಅವರ ಕೈಯೊಳಗಿತ್ತು. ಅದನ್ನ ಬಿಡಿಸಿಕೊಳ್ಳೋಕೆ ಧೈರ್ಯ ಬರಲಿಲ್ಲ."

"ದಿನಾ ಹಳೇ ಕಾಗದ ಹೊಲಿಯೋಳು ನೀನು. ಬಣ್ಣ ಬೇರೆ ಅಂತ ಕಾಣಲಿಲ್ವಾ?"

"ಹಳದಿ ಬಲ್ಬು ಹಾಕಿದ್ರು ಮೇಡಂ. ಆ ಬೆಳಕಲ್ಲಿ ಎಲ್ಲಾ ಹಾಳೆಯೂ ಹಳೇದೇ."

ಪೊಲೀಸರು ನೋಡಿದ್ದೂ ಅದೇ ಬಲ್ಬಿನ ಕೆಳಗೆ. ನಾನು ಹೋದದ್ದು ಹಗಲಲ್ಲಿ, ಅಷ್ಟೇ ವ್ಯತ್ಯಾಸ. ತಾರೀಖೇ ದೇವರು ಅಂತ ಚಿಕ್ಕ ಯಜಮಾನರ ಮುಂದೆ ಭಾಷಣ ಬಿಗಿದದ್ದು ನೆನಪಾಗಿ ನಾಚಿಕೆಯಾಯಿತು.

"ಇಷ್ಟೆಲ್ಲಾ ಮುಚ್ಚಿಟ್ಟು ನನ್ನನ್ನ ಯಾಕೆ ಕರೆದೆ?"

"ಅವನನ್ನ ಬಿಡಿಸಿ ಅಂತ ಮಾತ್ರ ಅಲ್ಲ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವನು ಮಾಡಿಲ್ಲ ಅಂತ ಯಾರಾದ್ರೂ ನನಗೆ ಹೇಳಲಿ ಅಂತ ಕರೆದೆ. ನೀವು ಹೇಳಿ ಮೇಡಂ. ನನ್ನ ತಮ್ಮ ಮಾಡಿದ್ನಾ?"

ಬೆಳಿಗ್ಗೆ ಈ ಪ್ರಶ್ನೆ ಕೇಳಿದ್ದರೆ ಎದೆ ತಟ್ಟಿ ಇಲ್ಲ ಅನ್ನುತ್ತಿದ್ದೆ. ಆದರೆ ಬೆಳಿಗ್ಗೆ ನನ್ನ ಧೈರ್ಯಕ್ಕೆ ಆಧಾರವಾಗಿದ್ದ ಹಾಳೆಯನ್ನು ಹಾಸಿದವಳೇ ಇವಳು.

ಅವಳು ಎದ್ದು ರಟ್ಟುಗಳ ಹಿಂದಿನಿಂದ ಒಂದು ಗಂಟು ತೆಗೆದಳು. ಕಂದು ಬಣ್ಣದ ಹಳೆಯ ಹಾಳೆ, ಮಡಿಸಿದಲ್ಲೆಲ್ಲ ಮುರಿದಿತ್ತು. ಒಳಗೆ ಬಾಟಲಿ. ಮುಚ್ಚಳ ತೆಗೆಯುವ ಮೊದಲೇ ಆ ಘಾಟು ಮೂಗಿಗೆ ಬಡಿಯಿತು.

"ಎಸೆಯೋಕೆ ಧೈರ್ಯ ಬರಲಿಲ್ಲ. ಎಲ್ಲಿ ಎಸೆದ್ರೂ ಯಾರೋ ನೋಡ್ತಾರೆ ಅನ್ನಿಸ್ತು."

"ಎಸೆಯದೇ ಇದ್ದಿದ್ದು ಒಳ್ಳೇದಾಯ್ತು. ಇನ್ನೊಂದು ಬಾಟಲಿ ಎಲ್ಲಿಂದ ತಂದೆ?"

"ಯಾವ ಇನ್ನೊಂದು?"

"ಇದನ್ನ ತೆಗೆದು ಅದರ ಜಾಗಕ್ಕೆ ಇಟ್ಟಿದ್ದು."

ಅವಳು ನನ್ನನ್ನು ಪಿಳಿಪಿಳಿ ನೋಡಿದಳು. "ನಾನು ಏನೂ ಇಡಲಿಲ್ಲ ಮೇಡಂ. ಹಾಳೆ ಹಾಸಿ ಬಂದೆ. ಬಾಟಲಿ ಜಾಗ ಖಾಲಿಯಿತ್ತು."

"ಸರಿಯಾಗಿ ಯೋಚನೆ ಮಾಡಿ ಹೇಳು."

"ನನ್ನ ತಮ್ಮನಾಣೆ."

ಅವಳು ಯಾರ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದರೂ ಅವನ ಮೇಲೆ ಹೇಳುವವಳಲ್ಲ. ನನ್ನ ತಲೆ ಒಮ್ಮೆಲೇ ತಿಳಿಯಾಯಿತು. ಪೊಲೀಸರು ಬರುವ ಹೊತ್ತಿಗೆ ಆ ಶೆಲ್ಫಿನಲ್ಲಿ ಬಾಟಲಿ ಇತ್ತು. ಅದೇ ಅಂಗಡಿಯ ಚೀಟಿ ಅಂಟಿಸಿದ, ಅರ್ಧ ಖಾಲಿಯಾದ, ಶುದ್ಧವಾದ ಬಾಟಲಿ. ಇವಳು ಹೋದ ಮೇಲೆ ಯಾರೋ ಒಳಗೆ ಬಂದಿದ್ದಾರೆ. ವಿಷದ ಬಾಟಲಿ ತೆಗೆದು ಒಳ್ಳೆಯದನ್ನು ಇಡಲು ಅದನ್ನು ಮೊದಲೇ ಸಿದ್ಧ ಮಾಡಿಕೊಂಡು ಬಂದವರು. ಬಂದು ನೋಡಿದರೆ ಜಾಗ ಖಾಲಿ.

ಸಂಜೆಯಿಡೀ ಯಂತ್ರದ ಮುಂದೆ, ಹತ್ತು ಜನರ ಕಣ್ಣೆದುರು ಇದ್ದ ಮಷಿನ್‌ಮ್ಯಾನ್ ಎರಡನೇ ಸಲ ಮಹಡಿ ಹತ್ತಿಯೇ ಇಲ್ಲ. ಅದಕ್ಕೆ ಪೊಲೀಸರ ಕಡತದಲ್ಲೇ ಸಾಕ್ಷಿಗಳಿದ್ದರು.

"ಅವನು ಮಾಡಿಲ್ಲ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕೇಳಿಸಿಕೋ, ನಿನ್ನ ತಮ್ಮ ಮಾಡಿಲ್ಲ. ಮಾಡಿದವರು ನಿನ್ನ ನಂತರ ಆ ಕೋಣೆಗೆ ಬಂದಿದ್ದಾರೆ. ವಿಷದ ಬಾಟಲಿ ಯಾರೋ ಒಯ್ದಿದ್ದಾರೆ ಅಂತ ಅವರಿಗೆ ಅವತ್ತೇ ಗೊತ್ತು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಒಂದು ವಾರ ಒಳಗೇ ಅದುಮಿಟ್ಟಿದ್ದೆಲ್ಲ ಹೊರಗೆ ಬಂತು. ನಾನು ಅವಳ ಬೆನ್ನು ಸವರಿದೆ.

ಯಾರು ಒಯ್ದರು ಅಂತ ಆ ಕೊಲೆಗಾರರು ಇಷ್ಟು ದಿನ ಯೋಚಿಸುತ್ತಿದ್ದಿರಬೇಕು. ಇವತ್ತು ನಾನೇ ಹೋಗಿ ಫೋಟೋ ತೋರಿಸಿ ಬಂದಿದ್ದೆ. ನನಗೆ ಈ ಮನೆಯ ದಾರಿ ತೋರಿಸಿದ ಚಿಕ್ಕ ಯಜಮಾನರ ಆ ನೆಮ್ಮದಿಯ ಮುಖ ಕಣ್ಣ ಮುಂದೆ ಬಂತು. ಅವರೇ ಅಂತ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಆದರೂ ಎದ್ದು ಬಾಗಿಲಿನ ಚಿಲಕ ಹಾಕಿದೆ.

ಆಗಲೇ ಫೋನು ಬಂತು. ಇನ್‌ಸ್ಪೆಕ್ಟರ್.

"ನಾನೇ ಫೋನ್ ಮಾಡೋಣ ಅಂತಿದ್ದೆ," ಅಂದೆ. "ನಾಳೆ ಕೋರ್ಟಿಗೆ ಕರ್ಕೊಂಡು ಹೋಗಬೇಡ. ಹೊಸ ವಿಷಯ ಸಿಕ್ಕಿದೆ."

"ಅಕ್ಕಾ, ತಡ ಆಯ್ತು." ಅವನ ದನಿ ಇಳಿದಿತ್ತು. "ಅವನು 'ನಾನೇ ಮಾಡ್ದೆ' ಅಂತ ಒಪ್ಕೊಂಡ."

"ಹೊಡೆದ್ರಾ?"

"ನಿಮ್ಮಾಣೆ, ಕೈ ಮುಟ್ಟಿಸಿಲ್ಲ. ನೀವು ಬಂದು ಹೋದ ಮೇಲೆ ಅವನೇ ಕೂಗಿ ಕರೆದ. ವಿಷ ಬಾಟಲಿಗೆ ಬೆರೆಸಿದ್ದು ನಾನೇ, ಹಾಳೆ ಬದಲಾಯಿಸಿದ್ದೂ ನಾನೇ, ಕೀಲೀನ ಅಕ್ಕನ ಚೀಲದಿಂದ ಕದ್ದಿದ್ದೆ ಅಂದ. ಅಕ್ಕಂಗೆ ಏನೂ ಗೊತ್ತಿಲ್ಲ, ಅವಳು ಮಹಡಿ ಇಳಿದು ಹೋಗೋದನ್ನ ನಾನು ನೋಡೇ ಇಲ್ಲ ಅಂತ ಪದೇ ಪದೇ ಬರೆಸಿದ. ನಾವು ಕೇಳದೇ ಇದ್ರೂ ಬರೆಸಿದ."

ನಾನು ಫೋನು ಇಳಿಸಿದೆ. ಕೋಣೆ ಚಿಕ್ಕದು, ಅವಳಿಗೆ ಎಲ್ಲವೂ ಕೇಳಿಸಿತ್ತು.

ಅವನು ಅವಳನ್ನು ನೋಡಿದ್ದ. ಚೀಲ ಎದೆಗವಚಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದ ಅಕ್ಕನನ್ನು, ಅದೇ ವಾರ ಯಜಮಾನರಿಗೆ ಶಾಪ ಹಾಕಿದ್ದ ಅಕ್ಕನನ್ನು. ಅದಕ್ಕೇ ವಾರವಿಡೀ ತುಟಿ ಬಿಚ್ಚಿರಲಿಲ್ಲ.

ಅವಳು ಅಳು ನಿಲ್ಲಿಸಿದ್ದಳು.

"ಹಾಳೆ ಬದಲಾಗಿದ್ದು ಒಳಗಿದ್ದ ಅವನಿಗೆ ಹೇಗೆ ಗೊತ್ತಾಯ್ತು ಮೇಡಂ? ಯಾರು ಹೇಳಿದ್ರು?"

"ನಾನೇ ಹೇಳಿದೆ," ಅಂದೆ. "ಹೊರಗೆ ಬಂದ ಹಾಗೇ ಅಂದ್ಕೋ ಅಂತ ಧೈರ್ಯ ಕೊಡೋಕೆ ಹೋಗಿದ್ದೆ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಾಟಲಿಯನ್ನು ಅದೇ ಕಂದು ಹಾಳೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಸ್ಟೇಷನ್ನಿಗೆ."

"ಹುಚ್ಚಿಯಾ ನೀನು? ಇದನ್ನ ಹಿಡಿದು ಅಲ್ಲಿಗೆ ಹೋದ್ರೆ ಅವನನ್ನೂ ಬಿಡಲ್ಲ, ನಿನ್ನನ್ನೂ ಬಿಡಲ್ಲ. ಇಬ್ಬರೂ ಸೇರಿ ಮಾಡಿದ್ರು ಅಂತ ಬರ್ಕೋತಾರೆ. ಮಾಡಿದವರು ಆರಾಮಾಗಿ ಕೂತ್ಕೋತಾರೆ."

"ಬರ್ಕೊಳ್ಳಲಿ. ಅವನು ಒಬ್ಬನೇ ಎಲ್ಲೂ ಇದ್ದೋನಲ್ಲ ಮೇಡಂ. ದಾರಿ ಬಿಡಿ."

ಅವಳು ಚಿಲಕಕ್ಕೆ ಕೈ ಹಾಕಿದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.